ಅರ್ಜಿಯಲ್ಲಿ ಅಪ್ಪ

ವೆಸ್ಟ್ ಗ್ಯಾಲೊವೇ, ಮೇನ್
15 ಡಿಸೆಂಬರ್ 2016

ಅಪ್ಪ,

ನಿನ್ನ ಎರಡು ಪತ್ರಕ್ಕೂ ಉತ್ತರ ಬರೆದಿಲ್ಲ, ಗೊತ್ತು. ಆಲ್ಡರ್‌ಮಿಯರ್ ಕಾಲೇಜಿನವರು ಹೇಳೋವರೆಗೂ ಯಾರಿಗೂ ಏನೂ ಬರೆಯಬಾರದು ಅಂತ ಹಟ ಹಿಡಿದಿದ್ದೆ. ನಿನ್ನೆ ಸಂಜೆ ಐದು ಗಂಟೆಗೆ ಬಂತು. ನನ್ನ ಅರ್ಜಿಯನ್ನ ಮುಂದೂಡಿದ್ದಾರೆ. ಮಾರ್ಚ್ ಕೊನೆಗೆ ಹೇಳ್ತಾರಂತೆ.

ಅಮ್ಮ ಆಸ್ಪತ್ರೆಯಿಂದ ಬಂದವಳು ನನ್ನ ಮುಖ ನೋಡಿ ಕೋಟು ಕೂಡ ಬಿಚ್ಚದೆ ಪಕ್ಕದಲ್ಲಿ ಕೂತಳು. ಆಮೇಲೆ ಡಬ್ಬಿಯ ಸೂಪ್ ಬಿಸಿ ಮಾಡಿ ಕುಡಿದ್ವಿ.

ಇದಕ್ಕಿಂತ ಹೆಚ್ಚು ಬರೆಯೋಕೆ ಈಗ ಆಗಲ್ಲ. ನಾನು ಕಾಲೇಜಿಗೆ ಬರೆದ ಪ್ರಬಂಧ ಕಳಿಸು ಅಂತ ಕೇಳಿದ್ದೆಯಲ್ಲ, ಅದರ ಪ್ರತಿ ನನ್ನ ಹತ್ತಿರ ಇಲ್ಲ.

ಓಡೆಟ್

—

ರಾಜ್ಯ ಕಾರಾಗೃಹ, ಬಿ ವಿಭಾಗ
22 ಡಿಸೆಂಬರ್ 2016

ನನ್ನ ಬಂಗಾರದ ಮಗಳೇ,

ನಿನ್ನ ಪತ್ರ ಊಟದ ಹೊತ್ತಿಗೆ ಕೈಗೆ ಬಂತು. ಓದಿ ಜೋರಾಗಿ ಕೂಗಿಬಿಟ್ಟೆ. ಕಾವಲುಗಾರ ಓಡಿ ಬಂದ, ಹೊಡೆದಾಟ ಅಂದ್ಕೊಂಡು. "ಏನಯ್ಯಾ ಪೆಲ್ಟಿಯೇ?" ಅಂದ. "ನನ್ನ ಮಗಳಿಗೆ ಆಲ್ಡರ್‌ಮಿಯರ್‌ನಲ್ಲಿ ಸೀಟು ಸಿಕ್ತು ಸಾರ್" ಅಂದೆ. ಅವನೂ ಕೈ ಕುಲುಕಿದ!

ದಿನ ಮುಂದೆ ಹಾಕಿದ್ದಾರೆ ಅಂತ ನೀನು ಯಾಕೆ ಅಷ್ಟು ಸಪ್ಪಗಿದ್ದೀಯ? ನನ್ನ ಕೇಸನ್ನ ನಾಲ್ಕು ಸಲ ಮುಂದೂಡಿದ್ದರು. ಕೊನೆಗೆ ನಡೀತು ತಾನೆ? ದೊಡ್ಡ ಜಾಗಗಳಲ್ಲಿ ಹಾಗೇ, ಎಲ್ಲಾ ನಿಧಾನ. ಮಾರ್ಚ್‌ನಲ್ಲಿ ಬಾ ಅಂತ ದಿನಾಂಕ ಕೊಡ್ತಾರೆ, ಹೋಗು.

ನನ್ನ ಕೋಣೆಯಲ್ಲಿರೋ ಎಲ್ವುಡ್ ಇದ್ದಾನಲ್ಲ, ಅವನು ಕ್ಯಾಂಟೀನಿನ ಸಿಹಿ ಬನ್ನುಗಳನ್ನ ಒತ್ತಿ, ಮೇಲೆ ಕಡಲೆಕಾಯಿ ಬೆಣ್ಣೆ ಬಳಿದು ಕೇಕು ಮಾಡಿದ. ಎಂಟು ಜನ ನಿನ್ನ ಹೆಸರಲ್ಲಿ ತಿಂದ್ವಿ. ನಮ್ಮ ಪೆಲ್ಟಿಯೇ ಮನೆತನದಲ್ಲಿ ನಾಲ್ಕು ತಲೆಮಾರು ಕಾಗದದ ಗಿರಣಿಯಲ್ಲೇ ಕಳೆಯಿತು. ನೀನು ನದಿಯ ನೀರಿನ ವಿಜ್ಞಾನ ಓದೋಕೆ ಹೊರಟಿದ್ದೀಯ. ನಾವು ಹಾಳು ಮಾಡಿದ ನದಿಯನ್ನ ನೀನಾದರೂ ನೋಡ್ಕೋ.

ಪ್ರಬಂಧ ಎಲ್ಲಾದರೂ ಸಿಕ್ಕರೆ ಕಳಿಸು. ನೀನು ಏನು ಬರೆದೆ ಅಂತ ಓದಬೇಕು ಅನ್ನೋ ಆಸೆ.

ಅಪ್ಪ

—

ವೆಸ್ಟ್ ಗ್ಯಾಲೊವೇ
29 ಡಿಸೆಂಬರ್ 2016

ಅಪ್ಪ,

ಸೀಟು ಸಿಕ್ಕಿಲ್ಲ. ದಯವಿಟ್ಟು ಎಲ್ಲರಿಗೂ ಹೇಳಿಬಿಡು, ಸಿಕ್ಕಿಲ್ಲ ಅಂತ. ಆ ಕೇಕಿನ ವಿಷಯ ಓದಿದ ಕೂಡಲೇ ಪೆನ್ನು ಹಿಡಿದು ಕೂತೆ.

ಮುಂದೂಡೋದು ಅಂದರೆ ಏನು ಅಂತ ಹೇಳ್ತೀನಿ ಕೇಳು. ಒಂದೇ ಕಾಲೇಜು ಸಾಕು, ಬೇರೆ ಯಾವುದೂ ಬೇಡ ಅಂತ ಮಾತು ಕೊಟ್ಟು ನವೆಂಬರ್‌ನಲ್ಲೇ ಅರ್ಜಿ ಹಾಕಿದವರು ನಾವು ಸಾವಿರದ ಇನ್ನೂರು ಜನ. ಮುನ್ನೂರು ಜನಕ್ಕೆ ಬನ್ನಿ ಅಂದರು. ಐನೂರು ಜನಕ್ಕೆ ಬೇಡ ಅಂದರು. ಉಳಿದ ನಾನ್ನೂರು ಜನರನ್ನ ಹಾಗೇ ಬಾಗಿಲಲ್ಲಿ ನಿಲ್ಲಿಸಿದ್ದಾರೆ. ಜನವರಿಯಲ್ಲಿ ಬರೋ ಸಾವಿರಾರು ಹೊಸ ಅರ್ಜಿಗಳ ಜೊತೆ ನಮ್ಮನ್ನ ಮತ್ತೆ ತೂಗ್ತಾರಂತೆ. ಹೋದ ವರ್ಷ ಹೀಗೆ ನಿಂತ ನಾನ್ನೂರರಲ್ಲಿ ಒಳಗೆ ಹೋದವರು ಮೂವತ್ತೊಂದು ಜನ. ಹದಿಮೂರಕ್ಕೆ ಒಬ್ಬರು. ನಮ್ಮ ಶಾಲೆಯ ಬಸ್ಸಿನಲ್ಲಿ ಒಂದೊಂದು ಕಡೆ ಹದಿಮೂರು ಸೀಟು. ದಿನಾ ಬೆಳಿಗ್ಗೆ ಎಣಿಸ್ತೀನಿ, ಒಬ್ಬರನ್ನ ಆರಿಸ್ತೀನಿ. ಆ ಒಬ್ಬಳು ನಾನು ಅಂತ ಒಂದು ದಿನವೂ ಅನ್ನಿಸಿಲ್ಲ.

ಶಾಲೆಯಲ್ಲಿ ಕಾಲೇಜು ವಿಷಯ ನೋಡ್ಕೊಳ್ಳೋ ಮಿಸೆಸ್ ಟ್ರೆಫೆದನ್ ಹೇಳಿದ್ದಾರೆ: ಈಗಲೂ ನಿಮ್ಮ ಕಾಲೇಜೇ ಬೇಕು ಅಂತ ಒಂದು ಪತ್ರ ಬರಿ, ಜನವರಿಯ ಅಂಕಗಳನ್ನ ಏರಿಸು, ಹೊಸದಾಗಿ ಏನಾದರೂ ಸಾಧಿಸಿದ್ದರೆ ಸೇರಿಸು. ಎರಡು ವಾರದಲ್ಲಿ ಏನು ಸಾಧಿಸಲಿ? "ಬೇರೆ ಐದಾರು ಕಡೆ ಅರ್ಜಿ ಹಾಕಮ್ಮ" ಅಂತಲೂ ಅಂದರು. ರಾಜ್ಯದ ವಿಶ್ವವಿದ್ಯಾಲಯಕ್ಕೆ ಮಾತ್ರ ಹಾಕಿದೆ, ಅವರ ಕಾಟಕ್ಕೆ. ಹದಿನಾರನೇ ವಯಸ್ಸಿನ ಬೇಸಿಗೆಯಲ್ಲಿ ಎರಡು ವಾರ ಆಲ್ಡರ್‌ಮಿಯರ್‌ನ ಶಿಬಿರದಲ್ಲಿ ಇದ್ದೆನಲ್ಲ, ಮೊಣಕಾಲಿನವರೆಗೆ ನದಿಯಲ್ಲಿ ನಿಂತು ಹುಳ ಎಣಿಸ್ತಾ? ನನ್ನ ಜೀವನದಲ್ಲಿ ಭಯವಿಲ್ಲದೆ ಎದ್ದದ್ದು ಆ ಹದಿನಾಲ್ಕು ದಿನ ಮಾತ್ರ.

ಕಾಲೇಜಿನ ಕಿರುಪುಸ್ತಕದ ಹಾಳೆ ಒಳಗಿಟ್ಟಿದ್ದೀನಿ. ಮುಂದೂಡಿಕೆ ಬಗ್ಗೆ ಅದರಲ್ಲೇ ಇದೆ, ಓದು.

ಓಡೆಟ್

—

ಬಿ ವಿಭಾಗ
9 ಜನವರಿ 2017

ಮಗಳೇ,

ತಪ್ಪಾಯ್ತು. ಎಲ್ಲರಿಗೂ ಹೇಳಿದೆ. ಎಲ್ವುಡ್ "ಹಾಗಾದರೆ ಕೇಕು ವಾಪಸ್ ಕೊಡ್ರೋ" ಅಂದ. ಯಾರೂ ನಗಲಿಲ್ಲ.

ಹಾಳೆ ಮೂರು ಸಲ ಓದಿದೆ, ಒಂದು ಸಲ ಇಲ್ಲಿನ ಶಾಲೆಯ ಫಿನ್ಲೆ ಮೇಷ್ಟ್ರ ಜೊತೆ. ಯಾರೋ ಮೇಜಿನ ಆಚೆ ಕೂತು ನಿನ್ನ ಮುಖ ನೋಡದೆ ಬರೀ ಕಾಗದ ನೋಡಿ ತೀರ್ಮಾನ ಮಾಡ್ತಾರೆ. ಅದು ಹೇಗಿರುತ್ತೆ ಅಂತ ನನಗೆ ಗೊತ್ತು. ಅಂಥ ಹೊತ್ತಲ್ಲಿ ನಮ್ಮನ್ನ ಚೆನ್ನಾಗಿ ಬಲ್ಲವರು ಒಬ್ಬರು ಎದ್ದು ಎರಡು ಮಾತಾಡಬೇಕು. ನನ್ನ ಸಲ ಯಾರೂ ಎದ್ದಿರಲಿಲ್ಲ. ಏಳೋ ಹಾಗೂ ಇರಲಿಲ್ಲ ಬಿಡು, ನಾನು ಮಾಡಿದ್ದು ಅಂಥದ್ದು.

ನೀನು ಧೈರ್ಯ ಬಿಡಬೇಡ. ನಾನೂ ಇಲ್ಲಿ ಕೂತು ನನ್ನ ಕೈಲಾದದ್ದು ಮಾಡ್ತಿದ್ದೀನಿ.

ಅಪ್ಪ

—

ವೆಸ್ಟ್ ಗ್ಯಾಲೊವೇ
21 ಜನವರಿ 2017

ಅಪ್ಪ,

ಪ್ರಾರ್ಥನೆ ಮಾಡ್ತಿದ್ದೀಯ ಅಂತ ಗೊತ್ತಾಯ್ತು. ಮಾಡು. ಮೆಮೇರ್ ಅಜ್ಜಿ ಬದುಕಿದ್ದರೆ ಚರ್ಚಿನಲ್ಲಿ ಒಂದು ಡಜನ್ ಮೇಣದಬತ್ತಿ ಹಚ್ಚಿರೋಳು. ಯಾವುದನ್ನೂ ಬೇಡ ಅನ್ನೋ ಸ್ಥಿತಿಯಲ್ಲಿ ನಾನೀಗ ಇಲ್ಲ.

ನನ್ನ ಪತ್ರ ಕಳಿಸಿದೆ. ಹನ್ನೊಂದು ಸಲ ತಿದ್ದಿದೆ. "ನಿಮ್ಮ ಕಾಲೇಜು ಸಿಕ್ಕರೆ ಬೇರೆ ಕಡೆ ತಿರುಗಿಯೂ ನೋಡಲ್ಲ" ಅನ್ನೋದನ್ನ ಭಿಕ್ಷೆ ಬೇಡಿದ ಹಾಗೆ ಕಾಣದೆ ಬರೆಯೋದು ಹೇಗೆ? ರಸಾಯನಶಾಸ್ತ್ರದಲ್ಲಿ ತೊಂಬತ್ತೆಂಟು ಬಂತು. ಅದನ್ನೂ ಕಳಿಸಿದೆ. ಅವರ ವೆಬ್‌ಸೈಟಿನಲ್ಲಿ ನನ್ನ ಹೆಸರಿನ ಪುಟ ತೆಗೆದು ನೋಡೋದು, ಮುಚ್ಚೋದು, ಮತ್ತೆ ತೆಗೆಯೋದು. ಅದೇ ಎರಡು ಸಾಲು. ಇತಿಹಾಸದ ತರಗತಿಯಲ್ಲಿ ಮೇಜಿನ ಕೆಳಗೆ ನೋಡ್ತಾ ಸಿಕ್ಕಿಬಿದ್ದು ಫೋನ್ ಹೋಯ್ತು.

ಜೊತೆಯಲ್ಲಿ ಕೂರೋ ಕಿರ್ಸ್ಟನ್‌ಗೆ ಡಿಸೆಂಬರ್‌ನಲ್ಲೇ ಆಲ್ಡರ್‌ಮಿಯರ್ ಸಿಕ್ಕಿತು. "ನಿನಗೂ ಸಿಗುತ್ತೆ ಬಿಡೇ, ನಿನ್ನ ಪ್ರಬಂಧ ಓದಿ ಯಾರಿಗೆ ಅಳು ಬರಲ್ಲ?" ಅಂದಳು. ಎದ್ದು ಹೋಗಿ ಬೇರೆ ಬೆಂಚಿನಲ್ಲಿ ಕೂತೆ.

ಯಾಕೆ ಅಂತ ಕೇಳಬೇಡ.

ಓಡೆಟ್

—

ಬಿ ವಿಭಾಗ
2 ಫೆಬ್ರವರಿ 2017

ಮಗಳೇ,

ಪ್ರಾರ್ಥನೆ ಅಲ್ಲ ಕಣೇ! ಇನ್ನು ಮುಚ್ಚಿಡೋಕೆ ಆಗಲ್ಲ. ನಾನು ಆಲ್ಡರ್‌ಮಿಯರ್‌ಗೆ ಪತ್ರ ಬರೆದಿದ್ದೀನಿ. ನೀನು ಕಳಿಸಿದ ಹಾಳೆಯಲ್ಲೇ ವಿಳಾಸ ಇತ್ತು. ಮೂರು ವಾರ ಹಿಡೀತು. ಫಿನ್ಲೆ ಮೇಷ್ಟ್ರು ಕಾಗುಣಿತ ತಿದ್ದಿದರು, ಮಾತು ಎಲ್ಲಾ ನಂದೇ. ಸೋಮವಾರ ಅಂಚೆಗೆ ಹೋಯ್ತು. ನಿನಗೆ ಅಂತ ಇಲ್ಲಿ ಒಂದಷ್ಟು ನಕಲು ಮಾಡ್ತೀನಿ:

"ಮಾನ್ಯರೇ, ನಾನು ಓಡೆಟ್ ಪೆಲ್ಟಿಯೇಯ ತಂದೆ. ಕುಡಿದು ಟ್ರಕ್ ಓಡಿಸಿ ಒಬ್ಬ ಹಿರಿಯರ ಪ್ರಾಣ ತೆಗೆದದ್ದಕ್ಕೆ ಎಂಟು ವರ್ಷದ ಶಿಕ್ಷೆ ಅನುಭವಿಸುತ್ತಿದ್ದೇನೆ. ಅವಳು ಇದನ್ನು ತನ್ನ ಅರ್ಜಿಯಲ್ಲಿ ಹೇಗೆ ಬರೆದಿದ್ದಾಳೋ ಗೊತ್ತಿಲ್ಲ. ಹೇಗೆ ಬರೆದಿದ್ದರೂ ನನ್ನನ್ನು ಕಾಪಾಡಿಯೇ ಬರೆದಿರುತ್ತಾಳೆ. ಅದು ಅವಳ ಗುಣ. ಆಗ ಅವಳಿಗೆ ಹದಿಮೂರು ವರ್ಷ. ಆ ವರ್ಷವೂ ಒಂದು ದಿನ ಶಾಲೆ ತಪ್ಪಿಸಲಿಲ್ಲ, ಮಕ್ಕಳು ಬಸ್ಸಿನಲ್ಲಿ ಅವಳ ಕಡೆ ಹಿಮದುಂಡೆ ಎಸೆಯುತ್ತಿದ್ದರೂ. ನನ್ನ ತಪ್ಪನ್ನು ಅವಳ ಲೆಕ್ಕಕ್ಕೆ ಹಾಕಬೇಡಿ..."

ಸರಿ ಇದೆಯಾ? ಮೇಷ್ಟ್ರು ಓದಿ ಕನ್ನಡಕ ಒರೆಸ್ಕೊಂಡರು. ನಾಲ್ಕು ವರ್ಷದಲ್ಲಿ ಮೊದಲ ಸಲ ಅಪ್ಪನ ಕೆಲಸ ಒಂದು ಮಾಡಿದೆ ಅನ್ನಿಸ್ತು.

ಅಪ್ಪ

—

ವೆಸ್ಟ್ ಗ್ಯಾಲೊವೇ
8 ಫೆಬ್ರವರಿ 2017

ಏನು ಮಾಡಿಬಿಟ್ಟೆ ಅಪ್ಪ. ಯಾರು ನಿನಗೆ ಬರಿ ಅಂದರು? ಯಾರು ಕೇಳಿದ್ದರು?

ನೀನು ಸತ್ತಿದ್ದೀಯ ಅಂತ ಬರೆದಿದ್ದೀನಿ. ಅರ್ಜಿಯಲ್ಲಿ ತಂದೆ ಅನ್ನೋ ಕಡೆ "ತೀರಿಕೊಂಡಿದ್ದಾರೆ" ಅಂತ ಇದೆ. ಪ್ರಬಂಧ ಪೂರ್ತಿ ಅದೇ. ಮಿಸೆಸ್ ಟ್ರೆಫೆದನ್ ಕೊಟ್ಟ ಶಿಫಾರಸಿನಲ್ಲೂ ಅದೇ. ಹಳೇ ಊರು ಬಿಟ್ಟು ಈ ಊರಿಗೆ ಬಂದ ಮೊದಲನೇ ದಿನ ಯಾರೋ ಕೇಳಿದರು, ಹಾಗಂದುಬಿಟ್ಟೆ. ಆಮೇಲೆ ವಾಪಸ್ ತಗೊಳ್ಳೋಕೆ ಆಗಲಿಲ್ಲ. ಅಮ್ಮನಿಗೂ ಗೊತ್ತಿಲ್ಲ.

ಮುಗೀತು. ಎಲ್ಲಾ ಮುಗೀತು.

—

ವೆಸ್ಟ್ ಗ್ಯಾಲೊವೇ
16 ಫೆಬ್ರವರಿ 2017

ಅಪ್ಪ,

ಹಿಂದಿನ ಪತ್ರವನ್ನ ಡಬ್ಬಿಗೆ ಹಾಕಿದ ಮೇಲೆ ಕೈ ಒಳಗೆ ತೂರಿಸಿ ತೆಗೆಯೋಕೆ ನೋಡಿದೆ, ಸಿಗಲಿಲ್ಲ. ಹಾಗೆ ಹೇಳಬಾರದಿತ್ತು. ಅಷ್ಟು ಒರಟಾಗಿ ಅಲ್ಲ.

ಕಾಲೇಜಿನಿಂದ ಮಿಸೆಸ್ ಟ್ರೆಫೆದನ್‌ಗೆ ಫೋನ್ ಬಂತು. ಸೋಮವಾರ ನನ್ನನ್ನ ಕರೆದರು. ಮಾರ್ಚ್ ಹತ್ತರೊಳಗೆ ನಾನು ಬರವಣಿಗೆಯಲ್ಲಿ ವಿವರಣೆ ಕೊಡಬೇಕಂತೆ. ಇನ್ನೂ ಕೊಟ್ಟಿಲ್ಲ. ಏನು ಬರೀಲಿ ಅಂತ ಗೊತ್ತಾಗ್ತಿಲ್ಲ. ನೀನೇ ಹೇಳು. ಬೈದಾದರೂ ಬರಿ.

ಓಡೆಟ್

—

ವೆಸ್ಟ್ ಗ್ಯಾಲೊವೇ
25 ಫೆಬ್ರವರಿ 2017

ಅಪ್ಪ,

ಇವತ್ತೂ ನಿನ್ನ ಪತ್ರ ಇಲ್ಲ. ನಾನು ಮೂರು ತಿಂಗಳು ಬರೆಯದೆ ಇದ್ದಾಗಲೂ ನೀನು ಬರೆಯೋದು ನಿಲ್ಲಿಸಿದವನಲ್ಲ. ಜೈಲಿಗೆ ಫೋನ್ ಮಾಡಿದೆ. ಕೈದಿ ಚೆನ್ನಾಗಿದ್ದಾನಾ ಇಲ್ಲವಾ ಅಂತ ಹೇಳೋಕೆ ಆಗಲ್ಲ ಅಂದರು. "ಬದುಕಿದ್ದಾರಾ ಅಷ್ಟು ಹೇಳಿ" ಅಂದೆ. ಕೇಳೋ ಯೋಗ್ಯತೆ ನನಗೆ ಎಲ್ಲಿದೆ? ಆ ಹೆಂಗಸು "ಇದ್ದಾರೆ ಮಗು" ಅಂದಳು.

ಒಂದು ಸಾಲು ಬರಿ ಅಪ್ಪ.

ಓಡೆಟ್

—

ಬಿ ವಿಭಾಗ
2 ಮಾರ್ಚ್ 2017

ಓಡೆಟ್,

ಬರೆಯೋಕೆ ಕೂತೆ, ಆಗಲಿಲ್ಲ. ಮತ್ತೆ ಕೂತೆ. ಎಲ್ವುಡ್ "ಏನೋ, ಗೋಡೆ ನೋಡ್ಕೊಂಡೇ ಶಿಕ್ಷೆ ಮುಗಿಸ್ತೀಯಾ?" ಅಂದ. ಅವನಿಗೂ ಹೇಳಿಲ್ಲ.

ಸಿಟ್ಟಿಲ್ಲ ನನಗೆ. ನಾಲ್ಕು ವರ್ಷ ನಾನೂ ನಿನಗೆ ಸುಳ್ಳೇ ಬರೆದಿದ್ದೀನಿ. ಊಟ ಚೆನ್ನಾಗಿದೆ, ನಿದ್ದೆ ಬರುತ್ತೆ, ಜನ ಒಳ್ಳೆಯವರು. ನೀನು ನಂಬಿದೆಯೋ ಇಲ್ಲವೋ. ಎರಡು ವರ್ಷದಿಂದ ನೀನು ನೋಡೋಕೆ ಬರದೆ ಇದ್ದಾಗ ದೂರ ಜಾಸ್ತಿ, ಓದು ಜಾಸ್ತಿ ಅಂತ ನನಗೆ ನಾನೇ ಹೇಳ್ಕೊಂಡೆ.

ಕೇಳಬಾರದೇನೋ, ಆದರೂ ಕೇಳ್ತೀನಿ. ಹೇಗೆ ಸತ್ತೆ ನಾನು?

ಈಗ ಕೆಲಸದ ಮಾತು. ಇದರ ಜೊತೆ ಇನ್ನೊಂದು ಪತ್ರ ಇದೆ, ಕಾಲೇಜಿಗೆ. ಅಂಟಿಸಿಲ್ಲ, ಓದು. ನಾನು ನಿನ್ನ ತಂದೆ ಅಲ್ಲ ಅಂತ ಬರೆದಿದ್ದೀನಿ. ಪೇಪರಿನಲ್ಲಿ ಒಳ್ಳೆ ಅಂಕ ತಗೊಂಡ ಮಕ್ಕಳ ಪಟ್ಟಿಯಲ್ಲಿ ನಿನ್ನ ಹೆಸರು ನೋಡಿದೆ, ನನ್ನದೂ ಅದೇ ಮನೆತನದ ಹೆಸರು, ಜೈಲಲ್ಲಿ ಹೊತ್ತು ಹೋಗದೆ ಆ ಹುಡುಗಿ ನನ್ನ ಮಗಳು ಅಂತ ಕಥೆ ಕಟ್ಟಿದೆ, ಕ್ಷಮಿಸಿ ಅಂತ. ನಂಬ್ತಾರೆ. ಕೈದಿಗಳ ಬಗ್ಗೆ ಇಂಥದ್ದನ್ನ ಜನ ಬೇಗ ನಂಬ್ತಾರೆ.

ನೀನು ಊರಲ್ಲಿ ಅಂಚೆಗೆ ಹಾಕಬೇಡ, ನಿಮ್ಮೂರಿನ ಅಂಚೆ ಮುದ್ರೆ ಬಿದ್ದರೆ ಗೊತ್ತಾಗಿಬಿಡುತ್ತೆ. ಹಾಕು ಅಂತ ನನಗೆ ಒಂದು ಸಾಲು ಬರಿ, ಇಲ್ಲಿಂದಲೇ ಇನ್ನೊಂದು ಪ್ರತಿ ಕಳಿಸ್ತೀನಿ. ನನಗೆ ಏನೂ ನಷ್ಟ ಇಲ್ಲ ಮಗಳೇ. ಒಂದು ಸಲ ಸತ್ತವನು ಹಾಗೇ ಇರ್ತೀನಿ. ನೀನು ಆ ನದಿಗೆ ಹೋಗು.

ಅಪ್ಪ

—

ವೆಸ್ಟ್ ಗ್ಯಾಲೊವೇ
9 ಮಾರ್ಚ್ 2017

ಅಪ್ಪ,

ನಿನಗೆ ಒಂದು ವಿಷಯ ಮುಚ್ಚಿಟ್ಟಿದ್ದೆ. ಆ ಸೋಮವಾರ ಮಿಸೆಸ್ ಟ್ರೆಫೆದನ್ ಕಾಲೇಜಿನವರು ಕಳಿಸಿದ ನಿನ್ನ ಪತ್ರದ ನಕಲು ಮುಂದಿಟ್ಟು "ಈ ಮನುಷ್ಯ ಯಾರಮ್ಮ?" ಅಂತ ಕೇಳಿದಾಗ ನಾನು "ಗೊತ್ತಿಲ್ಲ" ಅಂದೆ. "ಯಾರೋ ತಲೆ ಕೆಟ್ಟವನು ಇರಬೇಕು" ಅಂದೆ. ಅವರು ನನ್ನನ್ನ ತಬ್ಬಿ, "ಅಪ್ಪನನ್ನ ಕಳ್ಕೊಂಡ ಮಗುಗೆ ಇಂಥವರ ಕಾಟ ಬೇರೆ" ಅಂದರು. ಅವರ ಸ್ವೆಟರಿಗೆ ಮುಖ ಒತ್ತಿ ಅತ್ತೆ. ಅವರು ದುಃಖ ಅಂದ್ಕೊಂಡರು.

ನೀನು ಅಲ್ಲಿ ಕೂತು ನನಗೋಸ್ಕರ ಅದೇ ಸುಳ್ಳು ಬರೆದಿದ್ದೀಯ. ಒಬ್ಬರನ್ನೊಬ್ಬರು ಕೇಳದೆ ಇಬ್ಬರೂ ಒಂದೇ ಮಾತು. ಎರಡೂ ಹೊಂದುತ್ತೆ. ನಾನು ಮಾಡಬೇಕಾಗಿದ್ದು ನಿನಗೆ ಒಂದು ಸಾಲು ಬರೆಯೋದು, ಅಷ್ಟೇ. ಬರೆದೆ ಕೂಡ. "ಹಾಕು" ಅಂತ ಬರೆದು, ಲಕೋಟೆಗೆ ಸ್ಟಾಂಪ್ ಅಂಟಿಸಿ ಅಂಚೆ ಕಚೇರಿಯ ಸಾಲಿನಲ್ಲಿ ನಿಂತಿದ್ದೆ. ನೀನು ಕಾಲೇಜಿಗೆ ಅಂತ ಬರೆದ ಪತ್ರ ಇನ್ನೊಂದು ಸಲ ತೆಗೆದು ನೋಡಿದೆ. "ನಾನು ಅವಳ ತಂದೆ ಅಲ್ಲ" ಅನ್ನೋ ಕಡೆ ನೀನು ಎಷ್ಟು ಒತ್ತಿ ಬರೆದಿದ್ದೀಯ ಅಂದರೆ ಪೆನ್ನು ಕಾಗದ ಹರಿದುಕೊಂಡು ಆಚೆ ಹೋಗಿದೆ. ಕಿಟಕಿಯವನು "ಮುಂದಿನವರು ಬನ್ನಿ" ಅಂದ. ನಾನು ಆ ತೂತನ್ನೇ ನೋಡ್ತಾ ನಿಂತಿದ್ದೆ. ಹಿಂದಿದ್ದ ಹೆಂಗಸು "ಏನಮ್ಮ, ಹೋಗ್ತೀಯೋ ಇಲ್ಲವೋ?" ಅಂದಳು. ಇಲ್ಲ ಅಂದೆ.

ಅಲ್ಲಿಂದ ನೇರ ಶಾಲೆಗೆ ಹೋದೆ. ಮಿಸೆಸ್ ಟ್ರೆಫೆದನ್ ಮೊಸರು ತಿಂತಾ ಇದ್ದರು. "ಆ ಪತ್ರ ಬರೆದವರು ನಮ್ಮಪ್ಪ" ಅಂದೆ. ಚಮಚ ಕೆಳಗಿಟ್ಟರು. "ನಾನು ಸಹಿ ಹಾಕಿದ್ದೀನಿ ಓಡೆಟ್, ನಿನ್ನ ಮಾತು ನಂಬಿ ನನ್ನ ಹೆಸರು ಹಾಕಿದ್ದೀನಿ" ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಇಬ್ಬರೂ ಕೂತು ಕಾಲೇಜಿಗೆ ವಿವರಣೆ ಬರೆದ್ವಿ, ಅವರದ್ದು ಬೇರೆ, ನನ್ನದು ಬೇರೆ. ಸಂಜೆ ಅಮ್ಮನಿಗೆ ಹೇಳಿದೆ. ಅವಳು ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡ್ತಿಲ್ಲ.

ಹೇಗೆ ಸತ್ತೆ ಅಂತ ಕೇಳಿದ್ದೆಯಲ್ಲ. ಹೇಳ್ತೀನಿ. ನೀನು ಪಕ್ಕದ ಮನೆಯವರ ದಾರಿಯಲ್ಲಿ ಹಿಮ ತೆಗೀತಿದ್ದೆ. ಕೆಂಪು ಟೋಪಿ ಹಾಕಿದ್ದೆ. ಒಂದು ಟ್ರಕ್ ತಿರುವಿನಲ್ಲಿ ಹತೋಟಿ ತಪ್ಪಿ ಬಂತು. ನೀನು ನನ್ನ ಕಡೆ ಕೈ ಬೀಸ್ತಾ ಇದ್ದೆ.

ಅದು ಬಿಕ್‌ಫರ್ಡ್ ತಾತನ ಸಾವು ಅಪ್ಪ. ನೀನು ಕೊಂದ ಮನುಷ್ಯನ ಸಾವನ್ನ ತೆಗೆದು ನಿನಗೆ ಹಾಕಿದೆ. ಓದಿದವರೆಲ್ಲ ಅತ್ತರು. ಟ್ರಕ್ ಓಡಿಸಿದವನ ಬಗ್ಗೆ ಅದರಲ್ಲಿ ಒಂದು ಸಾಲೂ ಇಲ್ಲ. ಅವನ ಮನೆಯಲ್ಲಿ ಒಬ್ಬಳು ಹುಡುಗಿ ಇದ್ದಳು ಅಂತಲೂ ಇಲ್ಲ.

ಓಡೆಟ್

—

ವೆಸ್ಟ್ ಗ್ಯಾಲೊವೇ
26 ಮಾರ್ಚ್ 2017

ಅಪ್ಪ,

ಆಲ್ಡರ್‌ಮಿಯರ್ ಬೇಡ ಅಂತು. ಶುಕ್ರವಾರ ಬಂತು. ಎರಡು ಪ್ಯಾರಾ. ನಿಜ ಹೇಳಿದ್ದಕ್ಕೆ ವಂದನೆಗಳು, ಆದರೆ ಅರ್ಜಿಯನ್ನ ಮುಂದೆ ಪರಿಗಣಿಸೋಕೆ ಆಗಲ್ಲ, ಅಂತ. ನಿಜ ಹೇಳಿದ್ದರಿಂದ ಹೋಯ್ತೋ, ಸುಳ್ಳು ಹೇಳಿದ್ದರಿಂದ ಹೋಯ್ತೋ, ಇಲ್ಲಾ ಹೇಗಿದ್ದರೂ ಹದಿಮೂರರಲ್ಲಿ ಹೊರಗೆ ಉಳಿಯೋ ಆ ಹನ್ನೆರಡು ಜನರಲ್ಲೇ ಇದ್ದೆನೋ, ಯಾವತ್ತೂ ಗೊತ್ತಾಗಲ್ಲ. ನಿನ್ನ ಪತ್ರ ಹೋಗದೆ ಇದ್ದಿದ್ದರೆ ಅಂತ ದಿನಕ್ಕೆ ನೂರು ಸಲ ಯೋಚಿಸ್ತೀನಿ. ಸಿಕ್ಕಿದ್ದರೆ ಓದೋ ನಾಲ್ಕು ವರ್ಷ ನೀನು ಅಲ್ಲಿನವರಿಗೆ ಸತ್ತೇ ಇರಬೇಕಿತ್ತು ಅಂತಲೂ ಯೋಚಿಸ್ತೀನಿ. ಯಾವುದನ್ನ ಯೋಚಿಸಿದರೂ ನಿದ್ದೆ ಬರಲ್ಲ. ನಿನ್ನ ಮೇಲೆ ಸಿಟ್ಟು ಇನ್ನೂ ಇದೆ. ಮುಚ್ಚಿಡೋಕೆ ಇಷ್ಟ ಇಲ್ಲ, ಅದಕ್ಕೇ ಬರೆದೆ.

ರಾಜ್ಯದ ವಿಶ್ವವಿದ್ಯಾಲಯದವರಿಗೂ ಸುಳ್ಳು ಅರ್ಜಿಯೇ ಹೋಗಿತ್ತು. ಅವರಿಗೂ ತಿದ್ದಿ ಬರೆದೆ. ಪ್ರಬಂಧವನ್ನ ಹೊಸದಾಗಿ ಕಳಿಸು ಅಂದಿದ್ದಾರೆ. ತಗೊಳ್ತಾರೆ ಅಂತಲ್ಲ, ಓದ್ತೀವಿ ಅಂತ ಅಷ್ಟೇ. ಮೇ ತಿಂಗಳಿಗೆ ಗೊತ್ತಾಗುತ್ತೆ. ಬರೀತಾ ಇದ್ದೀನಿ, ಬರ್ತಾ ಇಲ್ಲ. ಎಲ್ಲಿಂದ ಶುರು ಮಾಡಿದರೂ ಆ ತಿರುವಿಗೇ ಬಂದು ನಿಲ್ತೀನಿ.

ಶನಿವಾರ, ಏಪ್ರಿಲ್ ಎಂಟಕ್ಕೆ, ನೋಡೋಕೆ ಬರ್ತೀನಿ. ಅಮ್ಮ ಕಾರಿನಲ್ಲಿ ಬಿಡ್ತಾಳೆ, ಅವಳು ಒಳಗೆ ಬರಲ್ಲ.

ಓಡೆಟ್

—

ಬಿ ವಿಭಾಗ
31 ಮಾರ್ಚ್ 2017

ಮಗಳೇ,

ಸಿಟ್ಟು ಇರಲಿ. ಅದನ್ನೂ ತಗೊಂಡೇ ಬಾ.

ಬಿಕ್‌ಫರ್ಡ್ ಅವರ ವಿಷಯಕ್ಕೆ ಇಲ್ಲಿ ಉತ್ತರ ಬರೆಯಲ್ಲ. ಅವರ ಬಗ್ಗೆ ನಾವಿಬ್ಬರೂ ಇಷ್ಟು ವರ್ಷ ಒಂದು ಮಾತೂ ಆಡಿಲ್ಲ. ಕಾಗದದಲ್ಲಿ ಶುರು ಮಾಡೋದು ಬೇಡ.

ಬರೋ ಮುಂಚೆ ಇಷ್ಟು ತಿಳ್ಕೋ. ಗುರುತಿನ ಚೀಟಿ ಮರೀಬೇಡ. ತೂತಿರೋ ಜೀನ್ಸ್ ಬಿಡಲ್ಲ. ಹೇರ್‌ಪಿನ್ ತೆಗೆಸ್ತಾರೆ. ಮೊದಲು ಒಂದು ಬಾಗಿಲು, ಅದು ಮುಚ್ಚಿದ ಮೇಲೆಯೇ ಎರಡನೇದು ತೆರೆಯೋದು. ನಡುವೆ ಸ್ವಲ್ಪ ಹೊತ್ತು ನಿಲ್ಲಬೇಕಾಗುತ್ತೆ, ಭಯ ಬೇಡ. ಎರಡು ವರ್ಷದಲ್ಲಿ ನನ್ನ ತೂಕ ತುಂಬಾ ಇಳಿದಿದೆ. ಮುಂದಿನ ಎರಡು ಹಲ್ಲು ಇಲ್ಲ, ಅದರ ಕಥೆ ಬಂದಾಗ ಹೇಳ್ತೀನಿ, ನಿಜದ್ದೇ. ನೋಡಿದ ತಕ್ಷಣ ಗುರುತು ಸಿಗದೆ ಇರಬಹುದು.

ಕಿಟಕಿ ಕಡೆಯಿಂದ ಎರಡನೇ ಮೇಜಿನಲ್ಲಿ ಕೂತಿರ್ತೀನಿ. ಇಲ್ಲಿನ ನಿಯಮ, ನೋಡೋಕೆ ಬಂದವರು ಮೇಜಿನ ಹತ್ತಿರ ಬರೋವರೆಗೂ ನಾವು ಏಳೋ ಹಾಗಿಲ್ಲ, ಕೈ ಬೀಸೋ ಹಾಗಿಲ್ಲ, ಕೂಗೋ ಹಾಗಿಲ್ಲ. ನಿನ್ನನ್ನ ನೋಡಿಯೂ ಸುಮ್ಮನೆ ಕೂತಿದ್ದಾನೆ ಅಂತ ತಪ್ಪು ತಿಳ್ಕೊಂಡು ಬಾಗಿಲಿಂದಲೇ ತಿರುಗಿ ಹೋಗಬೇಡ. ಆ ಹತ್ತು ಹೆಜ್ಜೆ ನೀನೇ ನಡೆದು ಬರಬೇಕು.

ಅಪ್ಪ